ಅಗಲೀಕರಣದ ಅಂಚಿನಲ್ಲಿ ಇಬ್ಬರು

ಆಗುಂಬೆಯ ಕಾಡಿನಲ್ಲಿ ಸಂದರ್ಶನಕ್ಕೆಂದು ಹೋದ ವರದಿಗಾರರಿಗೆ ಮೊದಲು ಸಿಕ್ಕಿದ್ದು ಸಿಳ್ಳಾರ ಹಕ್ಕಿ. ಬೆಳಕು ಹರಿಯುವ ಮೊದಲೇ ಹಳ್ಳದ ಬಂಡೆಯ ಮೇಲೆ ಕೂತು ಸಿಳ್ಳೆ ಹಾಕುತ್ತಿತ್ತು. ಕೆಂದಳಿಲು ತಡವಾಗಿ ಬಂತು, ಬಂದರೂ ಮರದಿಂದಿಳಿಯಲಿಲ್ಲ.

"ಸ್ವಲ್ಪ ಕೆಳಗೆ ಬಂದರೆ ಫೋಟೊ ಚೆನ್ನಾಗಿ ಬರುತ್ತೆ."

"ನೆಲದಲ್ಲಿ ನಮಗೇನು ಕೆಲಸ? ಊಟ, ನಿದ್ದೆ, ಬಾಣಂತನ ಎಲ್ಲ ಮೇಲೆಯೇ," ಎಂದಿತು ಅಳಿಲು. ಬಾಲ ಸೇರಿ ಸುಮಾರು ಒಂದು ಮೀಟರ್ ಉದ್ದದ, ಎರಡು ಕಿಲೋ ತೂಗಬಲ್ಲ ದೇಹ ಕೊಂಬೆಯುದ್ದಕ್ಕೂ ಚಾಚಿತ್ತು.

ಒಬ್ಬರಿಗೇ ನಾಲ್ಕಾರು ಗೂಡುಗಳಿವೆಯಂತಲ್ಲ, ಬೇನಾಮಿಯೇ ಎಂದು ಕೇಳಿದ್ದಕ್ಕೆ ಅದು ಸಿಟ್ಟಾಗಲಿಲ್ಲ. "ಕಡ್ಡಿ, ಎಲೆ ಸೇರಿಸಿ ತೆಳು ಕೊಂಬೆಯ ತುದಿಯಲ್ಲಿ ಕಟ್ಟಿದ್ದು. ಅಲ್ಲಿಗೆ ಭಾರದ ಪ್ರಾಣಿ ಬರೋಲ್ಲ. ಖಾತೆ, ಪಹಣಿ ಕೇಳಬೇಡಿ."

ಸಿಳ್ಳಾರದ ದೂರು ಬೇರೆ. ಮೊದಲು ಥ್ರಷ್‌ಗಳ ಕುಟುಂಬದಲ್ಲಿದ್ದ ಅದನ್ನು ವಿಜ್ಞಾನಿಗಳು ಈಗ ನೊಣಹಿಡುಕಗಳ ಕುಟುಂಬಕ್ಕೆ ವರ್ಗ ಮಾಡಿದ್ದಾರೆ. "ಅರ್ಜಿಯನ್ನೇ ಹಾಕಿರಲಿಲ್ಲ. ನಾನು ತಿನ್ನೋ ಏಡಿಗೂ ಈ ವಿಷಯ ಗೊತ್ತಿಲ್ಲ." ಇನ್ನು ಅಡ್ಡಹೆಸರು: ಸಿಳ್ಳೆ ಹಾಕುವ ಶಾಲಾ ಹುಡುಗ. ರಾಗ ಹಿಡಿದು ಅರ್ಧಕ್ಕೇ ದಾರಿ ತಪ್ಪುವ ಆ ಹಾಡಿಗೆ ಹೆಸರು ಒಪ್ಪುತ್ತದೆ ಎಂಬುದು ವರದಿಗಾರರ ಖಾಸಗಿ ಅಭಿಪ್ರಾಯ.

ಪ್ರಶಸ್ತಿಯ ಮಾತು ಬಂತು.

"ಮಹಾರಾಷ್ಟ್ರದಲ್ಲಿ ನಾನು ಶೇಕ್ರು, ರಾಜ್ಯಪ್ರಾಣಿ. ಭೀಮಾಶಂಕರದಲ್ಲಿ ಅಭಯಾರಣ್ಯವನ್ನೇ ಕೊಟ್ಟಿದ್ದಾರೆ. ಇಲ್ಲಿ ಆ ಹುದ್ದೆ ಆನೆಗೆ ಹೋಗಿದೆ."

"ನನಗೂ ಅದೇ ಗತಿ," ಎಂದಿತು ಸಿಳ್ಳಾರ. ಎಳೆಬಿಸಿಲು ಬಿದ್ದದ್ದೇ ಕಪ್ಪಾಗಿ ಕಂಡಿದ್ದ ಹೆಗಲು, ಹಣೆ ನೀಲಿಗೆ ತಿರುಗಿದವು. "ರಾಜ್ಯಪಕ್ಷಿ ನೀಲಕಂಠ. ನೀಲಿ ನನಗೂ ಇದೆ, ಹಾಡೂ ಬರುತ್ತೆ. ಆತನ ಕಂಠ ಒಮ್ಮೆ ಕೇಳಿ ನೋಡಿ."

ರಸ್ತೆ ಅಗಲೀಕರಣದ ಪ್ರಶ್ನೆಗೆ ಅಳಿಲಿನ ಬಾಲ ಸೆಟೆಯಿತು. "ಒಂದೇ ನೆಗೆತಕ್ಕೆ ಆರು ಮೀಟರ್ ದಾಟ್ತೀನಿ. ಹಳೇ ರಸ್ತೆಗೆ ಎರಡೂ ಕಡೆಯ ಕೊಂಬೆ ಬಾಗಿದ್ದವು, ಅಷ್ಟು ಸಾಕಿತ್ತು. ಇಂಜಿನಿಯರ್ ಸಾಹೇಬರು ಟೇಪ್ ಹಿಡಿದು ನೆಲ ಅಳೆದರು, ಒಮ್ಮೆಯೂ ಮೇಲೆ ನೋಡಲಿಲ್ಲ. ಈಗ ಆಚೆ ಹೋಗಬೇಕಾದ್ರೆ ಟಾರಿನ ಮೇಲೆ ಓಡಬೇಕು."

"ನಾನು ಹಾರಿ ದಾಟ್ತೀನಿ," ಎಂದಿತು ಸಿಳ್ಳಾರ. "ಆದ್ರೆ ಗೂಡು ಕಟ್ಟೋದು ಹಳ್ಳದ ಬಂಡೆ ಸಂದಿಯಲ್ಲಿ. ಹಳ್ಳವನ್ನೇ ಪೈಪಿಗೆ ತುಂಬಿಸಿದರೆ ರೆಕ್ಕೆ ಇದ್ದೇನು ಮಾಡಲಿ?"

"ಹಾಗಾದರೆ ರಸ್ತೆಯೇ ಬೇಡವೆ?"

ಅಷ್ಟರಲ್ಲಿ ಹದ್ದಿನ ನೆರಳು ಹಾಯಿತು. ಕೆಂದಳಿಲು ಕಾಂಡಕ್ಕೆ ಚಪ್ಪಟೆಯಾಗಿ ಅಂಟಿ ಉಸಿರೆತ್ತಲಿಲ್ಲ. ವರದಿಗಾರರು ಬರೆದುಕೊಂಡರು: ಅಳಿಲು ಪ್ರತಿಕ್ರಿಯೆಗೆ ನಿರಾಕರಿಸಿತು.