ಭಾವಿ ಕಾರ್ಪೊರೇಟರ್ ಅಣ್ಣ

ಬೆಂಗಳೂರಿನ ಹೂಡಿ, ಕಾಡುಗೋಡಿ, ವರ್ತೂರು, ವೈಟ್‌ಫೀಲ್ಡ್ ಕಡೆ ಎಲ್ಲಿ ಹೋದರೂ ಅಣ್ಣ ಕಂಬದ ಮೇಲಿಂದ ಕೈ ಮುಗಿಯುತ್ತಾರೆ. ಬಿಳಿ ಅಂಗಿ, ಕೂಲಿಂಗ್ ಗ್ಲಾಸು. ಕೆಳಗೆ ಅಭಿಮಾನಿ ಬಳಗ, ಮೇಲೆ ನಾಯಕರ ಸಾಲು. ಯಾರ ಮುಖ ಎಷ್ಟು ದೊಡ್ಡದಿರಬೇಕೆಂದು ಫ್ಲೆಕ್ಸ್ ಅಂಗಡಿಯಲ್ಲಿ ಗಂಟೆಗಟ್ಟಲೆ ಚರ್ಚೆ. ಅಲ್ಲಿ ಬಿಟ್ಟುಹೋದ ಮುಖ ಟಿಕೆಟ್ ಹಂಚುವಾಗ ಸೇಡು ತೀರಿಸಿಕೊಳ್ಳುತ್ತದೆ.

ಅಣ್ಣ ಇನ್ನೂ ‘ಭಾವಿ’ಯಾಗಿಯೇ ಉಳಿದದ್ದು ಅವರ ತಪ್ಪಲ್ಲ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಗೆದ್ದವರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ 198 ವಾರ್ಡು 243ಕ್ಕೆ ಏರಿ 225ಕ್ಕೆ ಇಳಿಯಿತು. ಗಡಿ ಸರಿದಾಗಲೆಲ್ಲ, ಅಣ್ಣ ಸಾಲ ಮಾಡಿ ಓಂ ಶಕ್ತಿ ಯಾತ್ರೆಗೆ ಬಸ್ಸು ಕಳಿಸಿದ ಬೀದಿಯೇ ಪಕ್ಕದ ವಾರ್ಡಿನ ಪಾಲಾಯಿತು! 2025ರ ಸೆಪ್ಟೆಂಬರ್ 2ರಂದು ಪಾಲಿಕೆಯೇ ಐದು ಹೋಳಾಗಿ ವೈಟ್‌ಫೀಲ್ಡ್ ಬೆಂಗಳೂರು ಪೂರ್ವಕ್ಕೆ ಸೇರಿತು. ಈಗ ಅಣ್ಣ ಫ್ಲೆಕ್ಸಿನಲ್ಲಿ ವಾರ್ಡ್ ನಂಬರ್ ಹಾಕಿಸುವುದನ್ನೇ ಬಿಟ್ಟಿದ್ದಾರೆ.

ದಿನಚರಿ ಮಾತ್ರ ತಪ್ಪಿಲ್ಲ. ಬೆಳಗ್ಗೆ ಆರಕ್ಕೆ ನೀರಿನ ಟ್ಯಾಂಕರಿನವನಿಗೆ ಫೋನು. ಏಳಕ್ಕೆ ಸಾವಿನ ಮನೆಯಲ್ಲಿ ಹಾರ, ಶಾಮಿಯಾನದ ಖರ್ಚು. ಒಂಬತ್ತಕ್ಕೆ ಗೃಹಪ್ರವೇಶ: ಅದೇ ಅಂಗಿ, ಬೇರೆ ಮುಖ. ಆಮೇಲೆ ಖಾತಾ ಮಾಡಿಸಲು ಬಂದ ಅಜ್ಜಿಯನ್ನು ಕರೆದುಕೊಂಡು ಕಚೇರಿಗೆ. “ಸಾರ್, ನಮ್ಮೋರೇ, ಒಸಿ ನೋಡಿ.” ಮಧ್ಯಾಹ್ನ ದೊಡ್ಡ ನಾಯಕರ ಮನೆ ಮುಂದೆ ನಿಲ್ಲುವ ಕಾರ್ಯಕ್ರಮ. ಕಾರು ಹೊರಡುವಾಗ ಅವರ ಕಣ್ಣಿಗೆ ಬಿದ್ದರೆ ಅಂದಿನ ರಾಜಕಾರಣ ಮುಗಿಯಿತು. ಸಂಜೆ ಬೆಸ್ಕಾಂ ಲೈನ್‌ಮನ್ ಕಂಬ ಹತ್ತಿ ಬೆವರುವಾಗ ಅಣ್ಣ ಕೆಳಗೆ ನಿಂತು ಬೆರಳು ತೋರಿಸುವ ಫೋಟೊ. ಕರೆಂಟ್ ಬರುವ ಮೊದಲೇ ಹುಡುಗರ ಸ್ಟೇಟಸ್ ಬರುತ್ತದೆ: ‘ಅಣ್ಣನ ಪರಿಶ್ರಮಕ್ಕೆ ಫಲ’.

ಪಕ್ಷದ ಸಿದ್ಧಾಂತ ಏನಣ್ಣ ಎಂದು ಕೇಳಿದರೆ, “ಮೊದಲು ಚರಂಡಿ ಕ್ಲೀನ್ ಆಗ್ಲಿ ಬುಡಿ” ಅನ್ನುತ್ತಾರೆ. ಯಾವ ಪಕ್ಷದವರೂ ಇದಕ್ಕೆ ಎದುರು ಹೇಳಿದ್ದಿಲ್ಲ.

ಅಪಾರ್ಟ್‌ಮೆಂಟ್ ಗೇಟಿನಲ್ಲಿ ಮಾತ್ರ ಅಣ್ಣನ ಆಟ ನಡೆಯುವುದಿಲ್ಲ. ಸೆಕ್ಯುರಿಟಿಯವನು “ಯಾವ ಫ್ಲಾಟು?” ಅನ್ನುತ್ತಾನೆ. ಆ್ಯಪಿನಲ್ಲಿ ಯಾರೂ ಒಪ್ಪಿಗೆ ಒತ್ತುವುದಿಲ್ಲ. ನವೆಂಬರ್ ಒಂದಕ್ಕೆ ಬಾವುಟ ಹಾರಿಸಲು ಬಿಟ್ಟರೆ ಅದೇ ಹೆಚ್ಚು. ಆದರೆ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ರಾತ್ರಿ, ಅದೇ ಫ್ಲಾಟುಗಳಿಂದ ಫೋನು ಹೋಗುವುದು ಅಣ್ಣನಿಗೇ.

2015ರ ಆ ಚುನಾವಣೆಯಲ್ಲಿ ಬೆಂಗಳೂರಿನ ಸುಮಾರು ಅರ್ಧದಷ್ಟು ಮತದಾರರು ಬೂತಿನ ಕಡೆ ತಲೆಹಾಕಿರಲಿಲ್ಲ. ಪಾಲಿಕೆ ಚುನಾವಣೆಯಲ್ಲಿ ಅಣ್ಣನಿಗೇ ವೋಟು ಹಾಕಿ ಎಂದು ನಾನು ಹೇಳುತ್ತಿಲ್ಲ. ಅವರನ್ನು ಸೋಲಿಸುವುದಕ್ಕಾದರೂ ಬೂತಿಗೆ ಹೋಗಿ, ಸ್ವಾಮಿ.