ಇಸ್ತ್ರಿ ಕೆಡದ ಸವಾರಿ

ಊರಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ಕಾರು ಕೊಳ್ಳುವ ಶಕ್ತಿ ಇದೆ, ಕೊಳ್ಳುವುದಿಲ್ಲ. ಸ್ಕೂಟರ್ ಬಿಡಲು ಬರುತ್ತದೆ, ಬಿಡುವುದಿಲ್ಲ. ಸೈಕಲ್ಲಿನಲ್ಲೇ ಬರುತ್ತಾರೆ, ಬಂದರೆ ದಿಬ್ಬಣದ ಮದುವಣಿಗನ ಹಾಗೆ ಬರುತ್ತಾರೆ. ನಂಜನಗೂಡಿನ ಪಾಲಿಗೆ ಬಂದ ಇಂಥ ಮಹನೀಯರನ್ನು ದೇವರು ನನಗೆ ಭಾವನನ್ನಾಗಿ ದಯಪಾಲಿಸಿದ್ದಾನೆ.

ಭಾವ ಬ್ಯಾಂಕಿನಿಂದ ನಿವೃತ್ತರು. ಬಿಳಿ ಪಂಚೆ, ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಅಂಗಿ, ಕಾಲರಿನೊಳಗೆ ಮಡಿಸಿಟ್ಟ ಕರ್ಚೀಫು. ಪ್ಯಾಂಟು ಹಾಕಿದ ದಿನ ಕಾಲಿಗೆ ಕ್ಲಿಪ್ಪು. ಸೈಕಲ್ಲು ಹಳೇ ಅಟ್ಲಾಸ್. ಪೂರ್ತಿ ಚೈನ್ ಕವರು, ಡೈನಮೊ, ಹೊಲಿಸಿದ ಸೀಟ್ ಕವರು. ಆಯುಧಪೂಜೆಯ ದಿನ ನನ್ನ ಕಾರಿಗೆ ಸಿಗುವ ಬಾಳೆಕಂದಿಗಿಂತ ಅದರದು ಒಂದು ಗೇಣು ಎತ್ತರ. 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನವೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕೊನೆಯ ಕಾರ್ಖಾನೆಗೂ ಬೀಗ ಹಾಕಿತು. ಸುದ್ದಿ ತಿಳಿದ ದಿನ ಭಾವ ರಾತ್ರಿ ಊಟ ಬಿಟ್ಟರು. ಮಧ್ಯಾಹ್ನ ಆರು ಹೋಳಿಗೆ ತಿಂದಿದ್ದರೆಂದು ಅಕ್ಕ ಆಮೇಲೆ ಹೇಳಿದಳು.

ಭಾನುವಾರ ಬೆಳಿಗ್ಗೆ ಊಟಿ ರಸ್ತೆಯಲ್ಲಿ ಮೈಸೂರಿನ ಹುಡುಗರು ಮೈಗಂಟಿದ ಬಟ್ಟೆ ತೊಟ್ಟು, ಬಗ್ಗಿಕೊಂಡು, ಗೇರಿನ ಸೈಕಲ್ ಹೊಡೆಯುತ್ತ ನಮ್ಮೂರಿಗೆ ತಿಂಡಿಗೆ ಬರುತ್ತಾರೆ. ಭಾವನಿಗೆ ಅವರನ್ನು ಕಂಡರಾಗದು. “ಸೈಕಲ್ ಹೊಡೆಯೋಕ್ಕೆ ವೇಷ ಕಟ್ಬೇಕೇನೋ? ಎಲ್ಲಿಗೆ ಹೋಗ್ತೀಯೋ ಅಲ್ಲಿಗೆ ತಕ್ಕ ಬಟ್ಟೆ ಹಾಕ್ಕೋ, ಬೆವರು ಬರದ ಹಾಗೆ ಹೋಗು.” ಈ ಸಿದ್ಧಾಂತ ಅವರದೇ ಅಂದುಕೊಂಡಿದ್ದರು. 2006ರಲ್ಲಿ ಕೋಪನ್‌ಹೇಗನ್ನಿನ ಮಿಕೆಲ್ ಕೋಲ್‌ವಿಲ್ ಆಂಡರ್‌ಸನ್ ಎಂಬಾತ ಸ್ಕರ್ಟು, ಬೂಟು ಹಾಕಿ ಸೈಕಲ್ಲಿನಲ್ಲಿದ್ದ ಹೆಂಗಸೊಬ್ಬಳ ಫೋಟೊ ತೆಗೆದದ್ದು, ಅದರಿಂದ ‘ಸೈಕಲ್ ಶೋಕಿ’ ಅನ್ನುವುದೇ ದೇಶದೇಶಗಳಿಗೆ ಹಬ್ಬಿದ್ದು, ಇದನ್ನೆಲ್ಲ ನನ್ನ ಮಗ ಬಾಯಿ ತಪ್ಪಿ ಹೇಳಿಬಿಟ್ಟ. ಅಂದಿನಿಂದ ನಮ್ಮ ಮನೆಯಲ್ಲಿ ಕಾಫಿಗೆ ಮೊದಲು ಕೋಪನ್‌ಹೇಗನ್ ಬರುತ್ತದೆ.

ಇಷ್ಟನ್ನೂ ಸಹಿಸಬಹುದು. ಟಿ. ನರಸೀಪುರದ ಮದುವೆಯನ್ನು ಮಾತ್ರ ನಾನು ಮರೆಯಲಾರೆ.

ಜರತಾರಿ ಅಂಚಿನ ಪಂಚೆ ಉಟ್ಟು, ಶಲ್ಯ ಹೊದ್ದು, ಭಾವ ಬೆಳಗಿನ ಜಾವವೇ ಸೈಕಲ್ ಹತ್ತಿದ್ದರು. ಅಕ್ಕ, ಉಡುಗೊರೆಯ ಕುಕ್ಕರು, ಭಾವನ ಇನ್ನೊಂದು ಜೊತೆ ಬಟ್ಟೆ, ಎಲ್ಲವೂ ನನ್ನ ಕಾರಿನಲ್ಲಿ. ಪರಿಸರಪ್ರೇಮ ಅವರದು, ಪೆಟ್ರೋಲು ನನ್ನದು. ಛತ್ರದ ಗೇಟಿನಲ್ಲಿ ವಾಚ್‌ಮನ್ ನನ್ನ ಕಾರಿಗೆ ಸಲಾಮು ಹೊಡೆದು, ಹಿಂದೆಯೇ ಬಂದ ಭಾವನಿಗೆ ಕೋಲು ಅಡ್ಡ ಹಿಡಿದ.

“ಬಡಿಸೋರೆಲ್ಲ ಹಿಂದ್ಗಡೆ ಗೇಟು.”

“ಅಡುಗೆ ಭಟ್ಟರು ಯಾವ ಗೇಟಲ್ಲಿ ಹೋದರಪ್ಪ?”

“ಅವ್ರು ಕಾರಲ್ಲಿ ಬಂದ್ರು ಸಾಮಿ, ಮುಂದ್ಗಡೆನೇ ಹೋದ್ರು.”

ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರು. ಭಾವನಿಗೆ ಆನಂದವಾಯಿತು. ವರ್ಷಗಳಿಂದ ಕಾಯುತ್ತಿದ್ದ ಸಾಕ್ಷಿ ಸಿಕ್ಕಿತ್ತು. ನೇರ ಒಳಗೆ ಬಂದು, ಎರಡು ಕಾರುಗಳ ನಡುವೆ ಒಂದಿಡೀ ಕಾರಿನ ಜಾಗದಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಬೀಗ ಜಡಿದು ನಿಂತರು. ಗಂಡಿನ ಕಡೆಯವರ ಕಾರು ಬಂತು, ಹಾರನ್ ಹೊಡೆಯಿತು. ಭಾವ ಭಾಷಣ ಶುರುಮಾಡಿದರು. ಈ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ ಸ್ವಾಮಿ. ಹಾಲೆಂಡಿನವರೇನು ಹುಟ್ಟುವಾಗಲೇ ಸೈಕಲ್ ಮೇಲೆ ಹುಟ್ಟಿದವರಲ್ಲ, 1970ರ ದಶಕದಲ್ಲಿ ಮಕ್ಕಳು ಕಾರಿಗೆ ಸಿಕ್ಕಿ ಸಾಯುವುದನ್ನು ನೋಡಲಾರದೆ ಜನ ಬೀದಿಗಿಳಿದರು. 1973ರಲ್ಲಿ ತೈಲದ ಬಿಕ್ಕಟ್ಟು ಬಂದಾಗ ಭಾನುವಾರ ಕಾರುಗಳನ್ನೇ ನಿಲ್ಲಿಸಿದರು... ಗಂಡಿನ ಸೋದರಮಾವ ಕಿಟಕಿ ಇಳಿಸಿ ನನ್ನನ್ನು ಕೇಳಿದರು: “ಇವರು ನಿಮ್ಮ ಕಡೆಯವರಾ?” ನಾನು ತೆಂಗಿನಮರ ನೋಡಿದೆ.

ಕೊನೆಗೆ ರಾಜಿಯಾಯಿತು. ಸೈಕಲ್ ತೆಗೆಯಬೇಕು, ಆದರೆ ಇಡುವುದೆಲ್ಲಿ? ಗೋಡೆಗೆ ಒರಗಿಸಿದರೆ ಸುಣ್ಣಬಣ್ಣ ಹೋಗುತ್ತದೆಂದು ವಾಚ್‌ಮನ್. ಉಳಿದ ನೆಲ ಇಳಿಜಾರು, ಸ್ಟ್ಯಾಂಡ್ ನಿಲ್ಲದು. “ಒಂದು ನಿಮಿಷ ಹಿಡ್ಕೊಂಡಿರೋ ಭಾಮೈದ” ಎಂದು ಹ್ಯಾಂಡಲ್ ನನ್ನ ಕೈಗಿತ್ತು ಭಾವ ಒಳಗೆ ಹೋದರು. ಗಟ್ಟಿಮೇಳ ಕೇಳಿಸಿತು. ಕೈಯಲ್ಲಿದ್ದ ಅಕ್ಷತೆಯನ್ನು ಸೈಕಲ್ ಮೇಲೆ ಹಾಕಿದೆ.

ಊಟದ ಮೇಲೆ ಭಾವನಿಗೆ ನಿದ್ದೆ ಎಳೆಯಿತು. ಸೈಕಲ್ಲು ಹಗ್ಗ ಬಿಗಿಸಿಕೊಂಡು ನನ್ನ ಕಾರಿನ ತಲೆಯ ಮೇಲೆ ಊರಿಗೆ ಬಂತು. ಅದನ್ನು ಕೋಪನ್‌ಹೇಗನ್ನಿನಲ್ಲಿ ಏನನ್ನುತ್ತಾರೋ ಭಾವ ಹೇಳಲಿಲ್ಲ.

ಭಾವನಿಗೆ ಬೇರೆ ಚಟಗಳೂ ಇವೆ. ಅರ್ಜಿ ಬರೆಯುವುದು ಒಂದು. 1735ರಲ್ಲಿ ಕಟ್ಟಿದ ಕಪಿಲೆಯ ಹಳೇ ಸೇತುವೆಯ ಮೇಲೆ ಈಗ ರೈಲಿಲ್ಲ, ಅದನ್ನು ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟುಕೊಡಿ ಎಂಬುದು ಅವರ ಅಚ್ಚುಮೆಚ್ಚಿನ ಅರ್ಜಿ. ಮೈಸೂರಿನಲ್ಲಿ 2017ರ ಜೂನ್ 4ರಂದು 450 ಸೈಕಲ್ಲುಗಳ ‘ಟ್ರಿನ್ ಟ್ರಿನ್’ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ ಚಾಮರಾಜನಗರದ ರೈಲು ಹಿಡಿದು ಹೋಗಿ ಕಾರ್ಡು ಮಾಡಿಸಿಕೊಂಡು ಬಂದರು. ನಾಲ್ಕು ಹೆಜ್ಜೆ ಆಚೆಯ ಅಂಗಡಿಗೆ ಕರಿಬೇವು ತರಲು ಸ್ಕೂಟರ್ ತೆಗೆಯುವ ನನ್ನ ಮುಂದೆ ಆ ಕಾರ್ಡನ್ನು ಈಗಲೂ ಆಗಾಗ ಒರೆಸುತ್ತಾರೆ.

ಆದರೆ ಒಂದು ಮಾತು ಹೇಳಲೇಬೇಕು. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತಲ್ಲ, ಹಂಚಿದ ಮಾರನೆಯ ದಿನ ಭಾವ ಸ್ಪ್ಯಾನರ್ ಹಿಡಿದು ಶಾಲೆಯ ಮುಂದೆ ಹಾಜರಾಗುತ್ತಿದ್ದರು. ಸಡಿಲ ನಟ್ಟು ಬಿಗಿ ಮಾಡಿ, ಬ್ರೇಕು ಸರಿಮಾಡಿ, ಹೆಣ್ಣುಮಕ್ಕಳ ಲಂಗ, ವೇಲು ಚೈನಿಗೆ ಸಿಗದ ಹಾಗೆ ಕವರು ತಿರುಗಿಸಿ ಕಳಿಸುತ್ತಿದ್ದರು. ಹಳ್ಳಿಗಳಿಂದ ಆ ಹುಡುಗಿಯರು ಸಾಲಾಗಿ, ಎರಡು ಜಡೆ ಹಾರಿಸುತ್ತ ಬರುವುದನ್ನು ನೋಡಿದರೆ ನನಗೂ ಏನೋ ಒಂದು ಥರ ಆಗುತ್ತಿತ್ತು. ಕೊರೊನಾ ಬಂದ ಮೇಲೆ ಆ ಹಂಚಿಕೆ ನಿಂತಿತು. ಹೆದ್ದಾರಿಯಲ್ಲಿ ಕಾರ್ಖಾನೆಯ ಲಾರಿಗಳ ಪಕ್ಕ, ಬಿಳಿ ಗೆರೆಯಾಚೆ, ಸೈಕಲ್ಲಿಗೆ ಉಳಿದಿರುವುದು ಜಲ್ಲಿ ಮತ್ತು ಮರಳು. ಅಲ್ಲಿ ಭಾವನೂ ಇಳಿದು ತಳ್ಳುತ್ತಾರೆ. ಪಂಚೆಗೆ ಧೂಳು ಮೆತ್ತುತ್ತದೆ. ಅವರ ಸಿದ್ಧಾಂತ ಸೋಲುವುದು ಅಲ್ಲೊಂದೇ ಕಡೆ, ಆಗ ಮಾತ್ರ ಅವರು ಮಾತಾಡುವುದಿಲ್ಲ. ಸೈಕಲ್ಲಿಗೆ ಬೇರೆ ದಾರಿ ಆಮೇಲೆ ಆಗಲಿ, ಮೊದಲು ಗೇಟಿನಲ್ಲಿ ಮರ್ಯಾದೆ ಸಿಗಲಿ ಎನ್ನುವುದು ಅವರ ವಾದ. ಮದುವೆಯ ದಿನ ಆ ವಾದ ನನ್ನ ತಲೆಗೆ ಹತ್ತಿರಲಿಲ್ಲ. ಆಮೇಲೆ ಯೋಚಿಸಿದರೆ, ಆ ವಾಚ್‌ಮನ್ ಕೂಡ ಕೆಲಸಕ್ಕೆ ಸೈಕಲ್ಲಿನಲ್ಲೇ ಬರುವವನು, ಹಿಂದಿನ ಗೇಟಿನಿಂದ.

ಇದನ್ನು ಓದುತ್ತಿರುವ ಛತ್ರದ ಮಾಲೀಕರಲ್ಲಿ ಒಂದು ವಿನಂತಿ. ಮುಂದಿನ ಗೇಟಿನ ಒಳಗೆ, ಸಮತಟ್ಟಾದ ಜಾಗ ನೋಡಿ, ಸೈಕಲ್ ಒರಗಿಸಿ ಬೀಗ ಹಾಕುವಂಥ ನಾಲ್ಕು ಕಬ್ಬಿಣದ ಕಂಬಿ ನೆಡಿಸಿ. ಹೆಚ್ಚು ಖರ್ಚಿಲ್ಲ. ಬರುವ ಮಾಘದಲ್ಲಿ ನಮ್ಮ ಕಡೆ ಇನ್ನೊಂದು ಮದುವೆಯಿದೆ, ನನಗೆ ಮುಹೂರ್ತ ನೋಡಬೇಕು.