ಅನ್ಯವಿಮಾನಾರೋಹಣ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಿ ಮುಗಿಸಬೇಕೆಂದು ಕಟ್ಟಳೆ. ವಿಷಯ ಇಷ್ಟೇ: ಒಂದು ಕಂಪನಿಯ ಟಿಕೆಟ್ ಕೊಂಡು ಇನ್ನೊಂದು ಕಂಪನಿಯ ವಿಮಾನ ಹತ್ತುವುದು. ಲೋಕದಲ್ಲಿ ಇದನ್ನು ಕೋಡ್‌ಶೇರ್ ಎನ್ನುತ್ತಾರೆ. ಪ್ರಯೋಜನ: ಓದುಗರಿಗೆ ಹೆಚ್ಚೇನಿಲ್ಲ. ಸಂಬಂಧ: ಮಾರಿದವನಿಗೂ ಹಾರಿಸಿದವನಿಗೂ ಏನು ಸಂಬಂಧ ಎಂಬುದೇ ಈ ಗ್ರಂಥದ ತೊಡಕು, ಅದನ್ನು ಇಲ್ಲೇ ಹೇಳಿಬಿಟ್ಟರೆ ಮುಂದೆ ಬರೆಯಲು ಏನೂ ಉಳಿಯುವುದಿಲ್ಲ. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರಕ್ಕೆ ಅರ್ಹರು ಯಾರು? ಮಗಳು ಸ್ಯಾನ್ ಹೋಸೆಯಿಂದಲೋ ಮಗ ಸ್ಟುಟ್‌ಗಾರ್ಟಿನಿಂದಲೋ ವಾಟ್ಸ್ಯಾಪಿನಲ್ಲಿ ಕಳಿಸಿದ ಟಿಕೆಟ್ಟನ್ನು ಜೆರಾಕ್ಸ್ ಅಂಗಡಿಯಲ್ಲಿ ಮೂರು ಪ್ರತಿ ಪ್ರಿಂಟ್ ಹಾಕಿಸಿ, ಒಂದನ್ನು ಪ್ಲಾಸ್ಟಿಕ್ ಫೈಲಿನಲ್ಲಿ, ಒಂದನ್ನು ವ್ಯಾನಿಟಿ ಬ್ಯಾಗಿನಲ್ಲಿ, ಒಂದನ್ನು ಯಾವುದಕ್ಕೂ ಇರಲಿ ಎಂದು ಷರ್ಟಿನ ಜೇಬಿನಲ್ಲಿ ಇಟ್ಟುಕೊಂಡು ಹೊರಟ ಅಪ್ಪ ಅಮ್ಮಂದಿರೇ ಈ ಶಾಸ್ತ್ರದ ಮುಖ್ಯ ಅಧಿಕಾರಿಗಳು. ಅವರಿಗಿರುವ ವೈರಾಗ್ಯ ಎಳೆಯರಿಗೆ ಬರಲು ಇನ್ನೂ ಕಾಲವಿದೆ.

ಆ ಪ್ರಿಂಟಿನ ತಲೆಯ ಮೇಲೆ ಒಂದು ಕಂಪನಿಯ ಹೆಸರು ಬಣ್ಣದಲ್ಲಿ, ಬೆರಳಗಲ ಇರುತ್ತದೆ. ಅದರ ಕೆಳಗೆಲ್ಲೋ, ಜೆರಾಕ್ಸಿನಲ್ಲಿ ಅರ್ಧ ಮಾಸಿದ ಅಕ್ಷರಗಳಲ್ಲಿ, ‘ಆಪರೇಟೆಡ್ ಬೈ’ ಎಂದು ಶುರುವಾಗುವ ಒಂದು ಸಾಲು. ನಮ್ಮ ಶಾಸ್ತ್ರಕ್ಕೆ ಇದೇ ಮೂಲಸೂತ್ರ. ಸೂತ್ರವೆಂದ ಮೇಲೆ ಚಿಕ್ಕದಾಗಿರಬೇಕು, ಭಾಷ್ಯವಿಲ್ಲದೆ ಅರ್ಥವಾಗಬಾರದು. ಎರಡು ಲಕ್ಷಣವೂ ಇದಕ್ಕಿವೆ.

ಇನ್ನು ಪರಂಪರೆ. ಪುಷ್ಪಕ ವಿಮಾನವನ್ನು ಎಳೆದು ತರದ ವಿಮಾನ ಪ್ರಬಂಧ ಕನ್ನಡದಲ್ಲಿ ಇರಲಾರದು. ಆದ್ದರಿಂದ ತರುತ್ತೇವೆ, ಬೇಗ ಬಿಡುತ್ತೇವೆ. ಕುಬೇರನದ್ದನ್ನು ರಾವಣ ಕಿತ್ತುಕೊಂಡ, ರಾಮ ಅದರಲ್ಲಿ ಅಯೋಧ್ಯೆಗೆ ಬಂದಿಳಿದ, ಕೆಲಸವಾದ ಮೇಲೆ ಕುಬೇರನಿಗೇ ಹಿಂದಿರುಗಿಸಿದ. ಪೈಲಟ್ ಇಲ್ಲದೆ ಬರೀ ವಿಮಾನ ಪಡೆದದ್ದರಿಂದ ಇದು ಡ್ರೈ ಲೀಸ್ ಪ್ರಕರಣ, ನಮ್ಮದಲ್ಲ. ನಮ್ಮ ಪರಂಪರೆ ಶುರುವಾಗುವುದು 1967ರಲ್ಲಿ, ಅಮೆರಿಕದ ಮೇರಿಲ್ಯಾಂಡಿನಲ್ಲಿ. ಅಲೆಘೆನಿ ಏರ್‌ಲೈನ್ಸ್‌ಗೆ ಹೇಗರ್ಸ್‌ಟೌನ್ ಎಂಬ ಚಿಕ್ಕ ಊರಿಗೆ ದೊಡ್ಡ ವಿಮಾನ ಹಾರಿಸಿ ಪೂರೈಸಲಿಲ್ಲ. ರಿಚರ್ಡ್ ಹೆನ್ಸನ್ ಎಂಬವರ ಪುಟ್ಟ ಕಂಪನಿ ಆ ದಾರಿಯನ್ನು ವಹಿಸಿಕೊಂಡು, ತನ್ನ ಪುಟ್ಟ ವಿಮಾನಗಳನ್ನು ಅಲೆಘೆನಿಯ ಹೆಸರಿನಲ್ಲೇ ಹಾರಿಸಿತು. ಹೆಸರು ದೊಡ್ಡವರದು, ರೆಕ್ಕೆ ಚಿಕ್ಕವರದು. ಅಮೆರಿಕದಲ್ಲಿ ಈ ಸಂಪ್ರದಾಯ ಎಷ್ಟು ಬೆಳೆದಿದೆಯೆಂದರೆ, ಯುನೈಟೆಡ್ ಎಕ್ಸ್‌ಪ್ರೆಸ್ ಎಂದು ಮೈತುಂಬ ಬರೆದುಕೊಂಡ ವಿಮಾನವನ್ನು ಹಾರಿಸುವುದು ಸ್ಕೈವೆಸ್ಟ್ ಆಗಿರಬಹುದು; ಡೆಲ್ಟಾ ಕನೆಕ್ಷನ್ ಎಂದು ಬರೆದಿರುವುದನ್ನು ಹಾರಿಸುವುದೂ ಅದೇ ಸ್ಕೈವೆಸ್ಟ್ ಆಗಿರಬಹುದು. ಒಂದೇ ಆತ್ಮ, ಹಲವು ಅಂಗಿ.

ಈಗ ನಾಮರೂಪ ಪ್ರಕರಣ: ನಾಮ ಮಾರಿದವರದು, ರೂಪ ಹಾರಿಸುವವರದು. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನಲ್ಲಿ ನಡುರಾತ್ರಿ ದಾಟಿದ ಮೇಲೆ ಫಲಕದ ಮುಂದೆ ನಿಂತು ನೋಡಿ. ಫ್ರಾಂಕ್‌ಫರ್ಟಿಗೆ ಹೋಗುವುದು ಒಂದೇ ವಿಮಾನ, ಆದರೆ ಅದರ ಸಂಖ್ಯೆ ಮೂರು ಸೆಕೆಂಡಿಗೊಮ್ಮೆ ಮಗುಚುತ್ತದೆ. ಈಗ ಜರ್ಮನ್, ಈಗ ಅಮೆರಿಕನ್, ಈಗ ಕೆನಡಾದ್ದು. ನಿಮ್ಮ ಸಂಖ್ಯೆ ಕಂಡಿತು ಎಂದು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅದು ಮಾಯ. ಈ ಸಂಕಟ ಮೊದಲು ಬಂದದ್ದು ದಮಯಂತಿಗೆ. ಸ್ವಯಂವರ ಮಂಟಪದಲ್ಲಿ ಐವರು ನಳರು ಕೂತಿದ್ದರು. ನಾಲ್ವರು ದೇವತೆಗಳು, ಒಬ್ಬ ನಿಜ. ಅವಳು ಲಕ್ಷಣ ನೋಡಿದಳು: ಬೆವರು ಯಾರಿಗಿದೆ, ರೆಪ್ಪೆ ಯಾರದು ಬಡಿಯುತ್ತದೆ, ಯಾರ ಹೂಮಾಲೆ ಬಾಡಿದೆ, ಯಾರ ಪಾದ ನೆಲ ಮುಟ್ಟಿದೆ. ಕೋಡ್‌ಶೇರಿಗೂ ಲಕ್ಷಣವುಂಟು. ಹಾರಿಸುವ ಕಂಪನಿಯ ಸಂಖ್ಯೆ ಸಾಮಾನ್ಯವಾಗಿ ಗಿಡ್ಡ: ಲುಫ್ತಾನ್ಸಾ ಬೆಂಗಳೂರಿನಿಂದ ಹಾರಿಸುವ ಎಲ್‌ಎಚ್ 755 ಹಾಗೆ. ಬರೀ ಹೆಸರು ಅಂಟಿಸಿದವರದ್ದು ಬಹುಪಾಲು ನಾಲ್ಕಂಕಿಯ ಉದ್ದ ಸಂಖ್ಯೆ. ಬೆವರುವ ನಳನಿಗೆ ಮೂರಂಕಿ, ಬೆವರದ ದೇವತೆಗಳಿಗೆ ನಾಲ್ಕಂಕಿ.

ಲಕ್ಷಣಕ್ಕೆ ಅಪವಾದ ಇಲ್ಲದಿದ್ದರೆ ಅದು ಶಾಸ್ತ್ರವೇ ಅಲ್ಲ. 2024ರ ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ಲೀನವಾಯಿತು. ಆ ಹೊತ್ತಿನಿಂದ ಯುಕೆ 955 ಎಂಬುದು ಎಐ 2955 ಆಯಿತು. ಸಂಖ್ಯೆಯ ಮೊದಲಿಗೆ ಒಂದು 2 ಸೇರಿಸಿ ಉಳಿದದ್ದನ್ನು ಹಾಗೇ ಬಿಟ್ಟರು. ವಿಮಾನ ಅದೇ, ಸಿಬ್ಬಂದಿ ಅದೇ, ಸಂಖ್ಯೆ ಮಾತ್ರ ನಾಲ್ಕಂಕಿ. ಇಲ್ಲಿ ನಾಲ್ಕಂಕಿಯವನೂ ಬೆವರುವ ನಳನೇ. ಆತ್ಮ ಹಳೆಯ ಶರೀರವನ್ನು ಬಟ್ಟೆಯಂತೆ ಕಳಚಿ ಹೊಸ ಶರೀರ ತೊಡುವುದನ್ನು ಕೇಳಿದ್ದೇವೆ. ಶರೀರವನ್ನು ಹಾಗೇ ಇಟ್ಟುಕೊಂಡು ಆತ್ಮವನ್ನು ಬದಲಿಸಿದ್ದು ಹೊಸದು.

ಇನ್ನು ಗ್ರಂಥದ ಹೃದಯಭಾಗ. ಮಾರುವ ಹೊತ್ತಿನಲ್ಲಿ ಕಂಪನಿಗಳು ಅಪ್ಪಟ ಅದ್ವೈತಿಗಳು. ನಮ್ಮದು ಅವರದು ಎಂಬುದೆಲ್ಲ ಮಿಥ್ಯೆ, ಬೆಂಗಳೂರಿನಿಂದ ಅಮೆರಿಕದ ಮೂಲೆಯ ಊರಿನವರೆಗೂ ಒಂದೇ ಟಿಕೆಟ್, ಒಂದೇ ಬೆಲೆ, ಒಂದೇ ಚೈತನ್ಯ. ಒಂದೂ ವಿಮಾನ ಕೊಳ್ಳದೆ ನಕ್ಷೆಯ ಮೇಲೆ ನೂರು ಊರು ಹೆಚ್ಚಿಸಿಕೊಳ್ಳುವ ವಿದ್ಯೆ ಇದು. ಓದುಗರಿಗೆ ಹೆಚ್ಚೇನಿಲ್ಲ ಎಂದು ಮೊದಲು ಹೇಳಿದ ಪ್ರಯೋಜನ ಕಂಪನಿಗಳಿಗಿರುವುದು ಇಲ್ಲೇ. ತೊಂದರೆ ಎದುರಾಯಿತೋ, ಅದೇ ಕಂಪನಿಗಳು ದ್ವೈತಕ್ಕೆ ಮತಾಂತರವಾಗಿ ಪಂಚಭೇದ ಉಪದೇಶಿಸುತ್ತವೆ: ಟಿಕೆಟಿಗೂ ವಿಮಾನಕ್ಕೂ ಭೇದ, ವಿಮಾನಕ್ಕೂ ಸೀಟಿಗೂ ಭೇದ, ಸೀಟಿಗೂ ಊಟಕ್ಕೂ ಭೇದ, ಊಟಕ್ಕೂ ಲಗೇಜಿಗೂ ಭೇದ, ಇವೆಲ್ಲಕ್ಕೂ ರೀಫಂಡಿಗೂ ನಿತ್ಯ ಭೇದ. ಚೆಕ್‌ಇನ್ ಕೌಂಟರಿನ ವಾದಮಾರ್ಗದ ಒಂದು ಮಾದರಿ ಹೀಗಿದೆ.

“ಕಿಟಕಿ ಪಕ್ಕದ ಸೀಟಿಗೆ ಬೇರೆ ದುಡ್ಡು ಕಟ್ಟಿದೀವಮ್ಮ. ಇದರಲ್ಲಿ ಮಧ್ಯದ್ದು ಬಂದಿದೆಯಲ್ಲ?”

“ಯಾರಿಗೆ ಕಟ್ಟಿದ್ರಿ ಸರ್?”

“ಟಿಕೆಟ್ ಕೊಟ್ಟೋರಿಗೆ.”

“ಹಾಗಾದ್ರೆ ಅವರನ್ನೇ ಕೇಳ್ಬೇಕು ಸರ್. ನಮ್ಮ ಸಿಸ್ಟಮ್ಮಲ್ಲಿ ತೋರಿಸ್ತಿಲ್ಲ.”

“ಅವರ ಕೌಂಟರ್ ಎಲ್ಲಿದೆ?”

“ಅವರು ಬೆಂಗಳೂರಿಗೆ ಬರಲ್ಲ ಸರ್.”

“ಈ ವಿಮಾನ ಯಾರದು ಹಾಗಾದ್ರೆ?”

“ನಮ್ಮದೇ ಸರ್.”

“ಸೀಟು?”

“ಅದೂ ನಮ್ಮದೇ.”

“ಮತ್ತೆ ಕೊಡಿ?”

“ಟಿಕೆಟ್ ಅವರದ್ದಲ್ವಾ ಸರ್.”

ಅತ್ತ ಸ್ಯಾನ್ ಹೋಸೆಯಲ್ಲಿ ಮಗಳು ಫೋನಿನಲ್ಲಿ ಮಾರಿದ ಕಂಪನಿಯನ್ನು ಹಿಡಿದಿರುತ್ತಾಳೆ. ಅರ್ಧ ಗಂಟೆ ವಾದ್ಯಸಂಗೀತ ಕೇಳಿಸಿದ ಮೇಲೆ ಅವರು ಹೇಳುವುದು: ಆ ವಿಮಾನ ನಾವು ನಡೆಸುವುದಿಲ್ಲ, ಸೀಟು ಹಾರಿಸುವವರ ಕೈಯಲ್ಲಿದೆ. ತರ್ಕಶಾಸ್ತ್ರದಲ್ಲಿ ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ. ವಾಯುಯಾನದಲ್ಲಿ ಪಾಲುದಾರಿಕೆ ಎನ್ನುತ್ತಾರೆ.

ಇದರ ಮೂಲದಲ್ಲಿರುವುದು ಪಿಎನ್‌ಆರ್ ದ್ವಯ. ಪ್ರತಿ ಕಂಪನಿಯ ಬುಕಿಂಗ್ ವ್ಯವಸ್ಥೆಗೂ ತನ್ನದೇ ಆರಕ್ಷರದ ಗುರುತು. ಮಾರಿದವರ ಆರಕ್ಷರವನ್ನು ಹಾರಿಸುವವರ ಆ್ಯಪಿಗೆ ಹಾಕಿದರೆ ನಿಮ್ಮಂಥವರು ಯಾರೂ ಇಲ್ಲ ಎನ್ನುತ್ತದೆ. ಎರಡನೆಯ ಆರಕ್ಷರ ಬೇರೆ ಇದೆ, ಕೇಳಿದವರಿಗೆ ಮಾತ್ರ ಕೊಡುತ್ತಾರೆ. ಉಪದೇಶ ಸಿಗದವನಿಗೆ ವೆಬ್ ಚೆಕ್‌ಇನ್ ಇಲ್ಲ. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಂದೇಶ ದಾಟುವಾಗ ದಾರಿಯಲ್ಲಿ ಮೊದಲು ಬೀಳುವುದು ಊಟ. ಸಸ್ಯಾಹಾರಿ ಕನ್ನಡಿಗರು ಕೇಳಬೇಕಾದದ್ದು ಎವಿಎಂಎಲ್, ಅಂದರೆ ನಮ್ಮ ಕಡೆಯ ಮಸಾಲೆಯ ಸಸ್ಯಾಹಾರ. ಎಚ್‌ಎನ್‌ಎಂಎಲ್ ಎಂಬ ಇನ್ನೊಂದಿದೆ, ಹಿಂದೂ ಊಟ. ಹೆಸರು ನೋಡಿ ಪುಳಿಯೋಗರೆ ಬರುತ್ತದೆಂದು ಒತ್ತಿದವರ ಮುಂದೆ ಕೋಳಿ ಬಂದು ಕೂರುತ್ತದೆ. ಅದರಲ್ಲಿ ವರ್ಜ್ಯವಾಗಿರುವುದು ದನದ ಮಾಂಸವೇ ಹೊರತು ಮಾಂಸವಲ್ಲ. ಎವಿಎಂಎಲ್ ಎಂದು ಸರಿಯಾಗಿ ಕೇಳಿದ್ದರೂ ಕೋರಿಕೆ ಮಾರಿದವರ ದಾಖಲೆಯಲ್ಲೇ ಉಳಿದಿದ್ದರೆ, ಗಗನಸಖಿ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಎರಡು ಸಲ ಹುಡುಕಿ, ತುಂಬ ವಿನಯದಿಂದ ಒಂದು ಬನ್ನು, ಒಂದು ಬೆಣ್ಣೆ ಪೊಟ್ಟಣ ಕೊಟ್ಟು ಹೋಗುತ್ತಾಳೆ. ಏಕಾದಶಿಯಲ್ಲದ ದಿನವೂ ಏಕಾದಶಿ ಲಭ್ಯ.

ಲಗೇಜ್ ವಿಚಾರದಲ್ಲಿ ಮಾತ್ರ ಲೋಕ ಸ್ಪಷ್ಟವಾಗಿ ಎರಡು ಮಠಗಳಾಗಿ ಒಡೆದಿದೆ. ಅಮೆರಿಕದಿಂದ ಹೊರಟ ಅಥವಾ ಅಮೆರಿಕದಲ್ಲಿ ಮುಗಿಯುವ ಪ್ರಯಾಣವಾದರೆ, ಕೋಡ್‌ಶೇರಿನಲ್ಲಿ ಟಿಕೆಟ್ ಮಾರಿದವರ ಲಗೇಜ್ ನಿಯಮವೇ ಕೊನೆತನಕ ನಡೆಯಬೇಕೆಂದು ಅಲ್ಲಿನ ಸರ್ಕಾರದ ಕಟ್ಟಪ್ಪಣೆ. ಉಳಿದೆಡೆ ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎಯ 302ನೇ ನಿರ್ಣಯ ಹೇಳುವುದು ಬೇರೆ: ಹಾದಿಯಲ್ಲಿ ಅತಿ ಮಹತ್ವದ ವಾಹಕ ಯಾರೋ ಅವರ ನಿಯಮ, ಅದು ಕೋಡ್‌ಶೇರ್ ಆಗಿದ್ದರೆ ಹಾರಿಸುವವರ ನಿಯಮ, ಆದರೆ ಹಾರಿಸುವವರೇ ಮಾರಿದವರದ್ದು ನಡೆಯಲಿ ಎಂದು ಪ್ರಕಟಿಸಿದ್ದರೆ ಅವರದ್ದು. ಒಟ್ಟಿನಲ್ಲಿ ಸ್ಯಾನ್ ಹೋಸೆಯ ಮಗಳ ಮನೆಗೆ ಹೋಗುವ ಚಟ್ನಿಪುಡಿಗೆ ನಾಮ ಪ್ರಧಾನ, ಸ್ಟುಟ್‌ಗಾರ್ಟಿನ ಮಗನ ಮನೆಗೆ ಹೋಗುವ ಚಟ್ನಿಪುಡಿಗೆ ಬಹುಮಟ್ಟಿಗೆ ರೂಪ ಪ್ರಧಾನ. ಒಂದೇ ಒರಳಿನಲ್ಲಿ ಕುಟ್ಟಿದ್ದು.

ಇದಕ್ಕಿಂತ ಗಹನವಾದದ್ದು ವೆಟ್ ಲೀಸ್. ಇಲ್ಲಿ ಹೆಸರು ಅಂಟಿಸುವುದಲ್ಲ. ಇಡೀ ವಿಮಾನ, ಪೈಲಟ್, ಸಿಬ್ಬಂದಿ, ರಿಪೇರಿ, ವಿಮೆ ಸಮೇತ ಬಾಡಿಗೆಗೆ ತರುವುದು. ಸಿಡ್ನಿಯಿಂದ ಸಿಂಗಪುರಕ್ಕೆ ಕ್ವಾಂಟಸ್ ಟಿಕೆಟ್ ಕೊಂಡ ಆಸ್ಟ್ರೇಲಿಯನ್ನರಲ್ಲಿ ಹಲವರು 2023ರ ಕೊನೆಯಿಂದ ಹತ್ತಿದ್ದು ಫಿನ್ನೇರ್ ವಿಮಾನವನ್ನು. ಕಾಂಗರೂ ನೋಡಿ ದುಡ್ಡು ಕೊಟ್ಟವರನ್ನು ಒಳಗೆ ಸ್ವಾಗತಿಸಿದವರು ಹಿಮಸಾರಂಗದ ದೇಶದವರು. ಪೈಲಟ್ಟುಗಳು ವಿಮಾನದ ಜೊತೆ ಬಂದು, ಗಗನಸಖಿಯರಲ್ಲಿ ಬಾಡಿಗೆಗೆ ತಂದವರ ಕಡೆಯವರೂ ಇದ್ದರೆ ಅದು ಡ್ಯಾಂಪ್ ಲೀಸ್. ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸು, ಅದರ ಡ್ರೈವರ್ ಬಾಡಿಗೆಗೆ ಕೊಟ್ಟ ಕಂಪನಿಯ ಕಡೆಯವರು, ಕಂಡಕ್ಟರ್ ಮಾತ್ರ ನಿಗಮದವರು. ಸ್ಟಾಪಿನಲ್ಲಿ ನಿಲ್ಲಿಸದೆ ಹೋದರೆ ಬೈಸಿಕೊಳ್ಳುವುದು ಕಂಡಕ್ಟರ್.

ಇಂಡಿಗೋ 2023ರ ಫೆಬ್ರವರಿಯಲ್ಲಿ ಟರ್ಕಿಶ್ ಏರ್‌ಲೈನ್ಸ್‌ನ ಬೋಯಿಂಗ್ 777 ಅನ್ನು ಇದೇ ಬಗೆಯಲ್ಲಿ ತಂದು ದೆಹಲಿಯಿಂದ ಇಸ್ತಾಂಬುಲಿಗೆ ಹಾರಿಸತೊಡಗಿತು, ಆಮೇಲೆ ಮುಂಬೈಯಿಂದಲೂ. ಭಾರತ-ಟರ್ಕಿ ಸಂಬಂಧ ಕೆಟ್ಟ ಮೇಲೆ, 2025ರ ಮೇ ಕೊನೆಗೆ, ವಿಮಾನಯಾನ ನಿರ್ದೇಶನಾಲಯ ಈ ಬಾಡಿಗೆಗೆ ಮೂರು ತಿಂಗಳ ಗಡುವು ಕೊಟ್ಟಿತು. ಇದೇ ಕೊನೆಯದು, ಕಟ್ಟಕಡೆಯದು ಎಂದಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಇನ್ನೂ ಆರು ತಿಂಗಳು ಸಿಕ್ಕಿತು. ಕಟ್ಟಕಡೆಯದರ ನಂತರವೂ ಒಂದಿದೆ ಎಂಬುದಕ್ಕೆ ಇದು ಶ್ರುತಿಪ್ರಮಾಣ.

ಕಾನೂನು ಈ ಸಿದ್ಧಾಂತಗಳನ್ನೆಲ್ಲ ಹೇಗೆ ನೋಡಿದೆ? 1961ರಲ್ಲಿ ಮೆಕ್ಸಿಕೋದ ಗ್ವಾದಲಹಾರದಲ್ಲಿ ಸೇರಿದ ದೇಶಗಳು ಒಪ್ಪಂದ ಮಾಡಿಕೊಂಡ ವಾಹಕ, ನಿಜವಾದ ವಾಹಕ ಎಂದು ಎರಡು ಪದಾರ್ಥಗಳನ್ನು ಒಪ್ಪಿದವು. ಅದೇ ವಿಚಾರ 1999ರ ಮಾಂಟ್ರಿಯಲ್ ಒಡಂಬಡಿಕೆಯ ಐದನೇ ಅಧ್ಯಾಯಕ್ಕೆ ಬಂತು. ಭಾರತ 2009ರಲ್ಲಿ ಅದಕ್ಕೆ ಸೇರಿತು. ಅದರ ಪ್ರಕಾರ ಹಾರಿಸಿದವರ ಮೇಲೆ ದಾವೆ ಹಾಕಬಹುದು, ಮಾರಿದವರ ಮೇಲೆ ಹಾಕಬಹುದು, ಇಬ್ಬರ ಮೇಲೂ ಹಾಕಬಹುದು. ಭೇದವೂ ಉಂಟು, ಹೊಣೆ ಇಬ್ಬರಿಗೂ ಉಂಟು: ಇದು ವಿಶಿಷ್ಟಾದ್ವೈತಕ್ಕೆ ಹತ್ತಿರ, ಮತ್ತು ನಮ್ಮ ಅಭಿಪ್ರಾಯದಲ್ಲಿ ಈ ಇಡೀ ಕ್ಷೇತ್ರದಲ್ಲಿ ಯಾರೋ ಕೂತು ಯೋಚಿಸಿ ಬರೆದಂತೆ ಕಾಣುವ ಒಂದೇ ಮಾತು. ಕೌಂಟರಿನಲ್ಲಿ ಅದನ್ನು ಹೇಳಿ ನೋಡಬೇಡಿ. ಹಿಂದೆ ಸಾಲು ಬೆಳೆಯುತ್ತದೆ.

ವಿಮಾನ ತಡವಾದರೆ ಪರಿಹಾರ ಕೊಡುವ ಯುರೋಪಿನ 2004ರ 261ನೇ ಕಾನೂನು ಮಾತ್ರ ರೂಪವಾದಿ. ಹಾರಿಸುವವರೇ ಕೊಡಬೇಕು ಎನ್ನುತ್ತದೆ. ಹಾರಿಸುವವರು ಯಾರು ಎಂಬ ಪ್ರಶ್ನೆ ಹ್ಯಾಂಬರ್ಗಿನಿಂದ ಮೆಕ್ಸಿಕೋದ ಕಾನ್‌ಕೂನಿಗೆ ಹೊರಟ ಒಂದು ವಿಮಾನದ ದೆಸೆಯಿಂದ ಯುರೋಪಿನ ನ್ಯಾಯಾಲಯದ ಮೆಟ್ಟಿಲೇರಿತು. ಬುಕಿಂಗ್ ಜರ್ಮನಿಯ ಟುಯಿಫ್ಲೈಯದು. ವಿಮಾನ, ಪೈಲಟ್, ಸಿಬ್ಬಂದಿ ಬ್ರಿಟನ್ನಿನ ಥಾಮ್ಸನ್ ಏರ್‌ವೇಸ್‌ನವರು. ಬುಕಿಂಗ್ ದೃಢೀಕರಣದಲ್ಲೂ ಹಾರಿಸುವವರು ಥಾಮ್ಸನ್ ಎಂದೇ ಅಚ್ಚಾಗಿತ್ತು. ಪ್ರಯಾಣಿಕರು ಥಾಮ್ಸನ್ ಮೇಲೆ ಹೋದರು. 2018ರ ಜುಲೈ 4ರಂದು ತೀರ್ಪು ಬಂತು: ಯಾವ ದಾರಿಯಲ್ಲಿ ಹಾರಬೇಕು, ಹಾರಬೇಕೋ ಬೇಡವೋ ಎಂದು ನಿಶ್ಚಯಿಸಿದವರು ಟುಯಿಫ್ಲೈ, ವಿಮಾನವನ್ನೂ ಸಿಬ್ಬಂದಿಯನ್ನೂ ಬಾಡಿಗೆಗೆ ಕೊಟ್ಟ ಮಾತ್ರಕ್ಕೆ ಥಾಮ್ಸನ್ ಹಾರಿಸಿದಂತಾಗುವುದಿಲ್ಲ. ಹಾರಿಸಿದವರು ಹಾರಿಸಿದವರಲ್ಲ. ಕಾನೂನಿನ ದೃಷ್ಟಿಯಿಂದ ಇದು ಸರಿಯಾದ ತೀರ್ಪೇ, ಎರಡು ಸಲ ಓದಿದರೆ ತಲೆಗೂ ಹತ್ತುತ್ತದೆ. ಆದರೆ ಆ ಅಚ್ಚಿನ ಸಾಲನ್ನು ನಂಬಿ ದಾವೆ ಹಾಕಿದವರ ಮುಖ ನೆನೆದರೆ ಮೂಲಸೂತ್ರದ ಮೇಲಿನ ನಮ್ಮ ಭಕ್ತಿ ಸ್ವಲ್ಪ ಅಲುಗುತ್ತದೆ.

ಮೈಲೇಜ್ ಪಾಯಿಂಟುಗಳ ಬಗ್ಗೆ ಒಂದು ಅಧ್ಯಾಯ ಬರೆಯುವ ಉದ್ದೇಶವಿತ್ತು. ಅವು ನಿಷ್ಕಾಮಕರ್ಮಿಗೆ ಮಾತ್ರ ಸಿಗುತ್ತವೆ ಎಂಬುದಷ್ಟೇ ತಿಳಿದದ್ದರಿಂದ ಕೈಬಿಟ್ಟಿದ್ದೇವೆ.

ಉಳಿದದ್ದು ಪರಿಶಿಷ್ಟ: ವಿಮಾನವಲ್ಲದ ವಿಮಾನಗಳು. ಸ್ಟುಟ್‌ಗಾರ್ಟಿನ ಮಗ ಕೊಂಡ ಟಿಕೆಟ್ಟಿನ ಎರಡನೇ ವಿಮಾನಕ್ಕೆ ಲುಫ್ತಾನ್ಸಾ ಸಂಖ್ಯೆ ಇರುತ್ತದೆ, ಇಳಿಯುವ ಜಾಗಕ್ಕೆ ಜೆಡ್‌ಡಬ್ಲ್ಯುಎಸ್ ಎಂಬ ಮೂರಕ್ಷರದ ವಿಮಾನಯಾನ ಸಂಕೇತವೂ ಇರುತ್ತದೆ. ಫ್ರಾಂಕ್‌ಫರ್ಟಿನಲ್ಲಿ ಅಪ್ಪ ಅಮ್ಮ ಗೇಟು ಹುಡುಕುತ್ತ ಎಸ್ಕಲೇಟರ್ ಇಳಿದು ಇಳಿದು ಹೋದರೆ ಸಿಗುವುದು ಪ್ಲಾಟ್‌ಫಾರಂ. ಬಂದು ನಿಲ್ಲುವುದು ಜರ್ಮನ್ ರೈಲ್ವೆಯ ರೈಲು. ಜೆಡ್‌ಡಬ್ಲ್ಯುಎಸ್ ಎಂದರೆ ಸ್ಟುಟ್‌ಗಾರ್ಟ್ ರೈಲ್ವೆ ಸ್ಟೇಷನ್. ಡೆನ್ವರಿನಿಂದ ಫೋರ್ಟ್ ಕಾಲಿನ್ಸಿಗೆ ಯುನೈಟೆಡ್ ಮಾರುವ ವಿಮಾನ ಇನ್ನೂ ಒಂದು ಮೆಟ್ಟಿಲು ಕೆಳಗೆ, ಅದು ಬಸ್ಸು. ರೂಪದ ಹಂಗು ಪೂರ್ತಿ ಹರಿದು ಬರೀ ನಾಮ ಉಳಿದ ಈ ಸ್ಥಿತಿಯನ್ನು ಕೋಡ್‌ಶೇರಿನ ತುರೀಯಾವಸ್ಥೆ ಎನ್ನಬಹುದು.

ಕೆಂಪೇಗೌಡ ನಿಲ್ದಾಣದಿಂದ ಮೈಸೂರಿಗೆ ಹೋಗುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ಸನ್ನೂ ಇಲ್ಲಿ ಸೇರಿಸಬೇಕೆಂದು ಕೆಲವು ಏಕದೇಶಿಗಳ ವಾದ. ಹೆಸರಿನಲ್ಲೇ ಹಾರಾಟವಿದೆಯಲ್ಲ ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. ಟಿಕೆಟ್ ಮಾರಿದ್ದು ನಿಗಮ, ಬಸ್ಸು ನಿಗಮದ್ದು, ಓಡಿಸುವುದೂ ನಿಗಮ. ತಡವಾದರೆ ಜಗಳಕ್ಕೆ ಎದುರಾಳಿ ಅದೇ ಬಸ್ಸಿನಲ್ಲಿರುತ್ತಾನೆ. ಅದು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.